ಗುಂಪೆಯ ನೆತ್ತಿಯಲ್ಲಿ ಒಂದು ವ್ಯಾಟ್

ಕೇಳುಗರಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಧರ್ಮತ್ತಡ್ಕದ ಬಳಿಯ ಪೊಸಡಿ ಗುಂಪೆ ಗುಡ್ಡವನ್ನು ಹತ್ತಿದವರಿಗೆ, ಮುಳಿಹುಲ್ಲಿನ ನಡುವಣ ಕಾಲುದಾರಿ ಮುಗಿಯುವಲ್ಲಿ ಪಡುವಣ ಕಡಲೂ ದೂರದ ಮಂಗಳೂರೂ ಕಾಣಸಿಗುತ್ತವೆ. ಹವ್ಯಾಸಿ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಇತರರೊಡನೆ ಮಾತನಾಡುವ ಹ್ಯಾಮ್ ರೇಡಿಯೋ ನಡೆಸುವ ನಾನು ಆ ನೋಟವನ್ನು ನನ್ನ ಧ್ವನಿ ತಲುಪಬಹುದಾದ ದೂರದ ಅಳತೆಯಾಗಿಯೂ ನೋಡುತ್ತೇನೆ.

ಈಚೆಗೆ ನಾನು ಗುಡ್ಡಕ್ಕೆ ವಾಕಿಟಾಕಿ ಒಯ್ಯುವುದಿಲ್ಲ. ಕೆವಿ4ಪಿ ಎಚ್‌ಟಿ ಎಂಬ ಮುಕ್ತ ವಿನ್ಯಾಸದ ಪುಟ್ಟ ಉಪಕರಣವೊಂದನ್ನು ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಕಿಂಡಿಗೆ ಜೋಡಿಸಿದರೆ, ಅದು ಫೋನಿನ ಬ್ಯಾಟರಿಯಿಂದಲೇ ವಿದ್ಯುತ್ ಪಡೆದು, ಸುಮಾರು ಒಂದು ವ್ಯಾಟ್ ಶಕ್ತಿಯಲ್ಲಿ ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು ಎರಡು ಮೀಟರ್ ಉದ್ದದ ರೇಡಿಯೋ ತರಂಗಗಳಲ್ಲಿ, ಮಾತನ್ನು ಕಳಿಸುತ್ತದೆ. ಪರದೆ, ಮೈಕು, ಸ್ಪೀಕರು ಫೋನಿನವು. ರೇಡಿಯೋ ಮಾತ್ರ ಬೇರೆಯದು. "ರೇಂಜ್ ಇಲ್ಲದಲ್ಲಿ ಇದು ನಡೀತದಾ?" ಎಂದು ನೆರೆಮನೆಯ ಹಿರಿಯರು ಕೇಳಿದಾಗ, ನಾನು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಯೇ ಮಾತನಾಡಿ ತೋರಿಸಬೇಕಾಯಿತು. ಟವರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಒಂದು ವ್ಯಾಟ್ ಎಂದರೆ ಹಳೆಯ ಹ್ಯಾಮ್‌ಗಳು ನಗುತ್ತಾರೆ. ಆದರೆ ಐದು ವ್ಯಾಟಿನಿಂದ ಒಂದಕ್ಕೆ ಇಳಿದರೆ ಕೇಳುವವನ ರೇಡಿಯೋದಲ್ಲಿ ಸಂಕೇತದ ಬಲ ತೋರಿಸುವ ಮೀಟರಿನ ಮುಳ್ಳು ಸುಮಾರು ಒಂದು ಗೀಟಿನಷ್ಟೇ ಕೆಳಗಿಳಿಯುತ್ತದೆ. ಅದೇ 300 ಮೀಟರ್ ಎತ್ತರಕ್ಕೆ ಏರಿ ನಿಂತರೆ ಈ ತರಂಗಗಳ ದಿಗಂತ ಸುಮಾರು 70 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಬ್ಯಾಟರಿಗಿಂತ ಮೊಣಕಾಲು ಹೆಚ್ಚು ಕೆಲಸ ಮಾಡುವ ಹವ್ಯಾಸ ಇದು. ಒಮ್ಮೆ ಬಿಸಿಲು ತಾಳದೆ ಬಂಡೆಯ ಮೂಡು ಬದಿಯ ನೆರಳಿಗೆ ಸರಿದೆ. ಅಲ್ಲಿಯವರೆಗೆ ಸ್ಪಷ್ಟವಾಗಿ ಕೇಳುತ್ತಿದ್ದ ಮಂಗಳೂರಿನ ಗೆಳೆಯರು ಮಾತಿನ ನಡುವೆಯೇ ಮಾಯವಾದರು. ಹತ್ತು ಹೆಜ್ಜೆ ಪಡುವಣಕ್ಕೆ ಬಂದು ನಿಂತಾಗ ಅದೇ ಧ್ವನಿ, ಅದೇ ವಾಕ್ಯದ ಕೊನೆಯಲ್ಲಿ ಸಿಕ್ಕಿತು. ಗಿಡ್ಡ ರಬ್ಬರ್ ಆಂಟೆನಾದ ಬದಲು ಕಾಲು ತರಂಗದ, ಅಂದರೆ ಅರ್ಧ ಮೀಟರ್ ಉದ್ದದ ಕಡ್ಡಿಯನ್ನು ಹಾಕಿದರೆ ಇನ್ನೂ ಲಾಭವಿದೆ. ಆಂಟೆನಾ ಇಲ್ಲದೆ ಮಾತ್ರ ಪ್ರಸಾರದ ಗುಂಡಿಯನ್ನು ಒತ್ತಬಾರದು, ರೇಡಿಯೋ ಸುಟ್ಟುಹೋದೀತು.

ಮೊದಲ ಸಲ ನಾನು ಉಪಕರಣವನ್ನು ಫೋನಿನ ಬುಡದಲ್ಲಿ ನೇತಾಡಲು ಬಿಟ್ಟಿದ್ದೆ. ಹೆಜ್ಜೆಗೊಮ್ಮೆ ಅದು ಅಲುಗಿ ಸಂಪರ್ಕ ಕಡಿಯುತ್ತಿತ್ತು. ಈಗ ಗಿಡ್ಡ ಕೇಬಲ್ಲಿನಿಂದ ಜೋಡಿಸಿ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಎರಡು ಬಳೆಗಳಲ್ಲಿ ಫೋನಿನ ಬೆನ್ನಿಗೇ ಬಿಗಿದಿದ್ದೇನೆ. ನೋಡಲು ಚಂದವಿಲ್ಲ, ಕಿಂಡಿಗೆ ಭಾರ ಬೀಳುವುದಿಲ್ಲ.

ಕೈಯಲ್ಲಿರುವುದು ಫೋನು ಎಂಬ ಮಾತ್ರಕ್ಕೆ ಯಾರೂ ಇದರಲ್ಲಿ ಮಾತನಾಡುವಂತಿಲ್ಲ. ಪರೀಕ್ಷೆ ಪಾಸಾಗಿ, ಕೇಂದ್ರ ಸರ್ಕಾರದ ಪರವಾನಗಿ ಪಡೆದು, 144ರಿಂದ 146 ಮೆಗಾಹರ್ಟ್ಸ್‌ನ ಒಳಗೆ ತನ್ನ ಗುರುತಾದ ಕರೆಸಂಕೇತ ಹೇಳಿಯೇ ಮಾತನಾಡಬೇಕು. ಅಡಿಕೆಯ ವ್ಯಾಪಾರ ಕುದುರಿಸಲು ಇದನ್ನು ಬಳಸುವಂತಿಲ್ಲ.

ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ, ನಮ್ಮ ಕಡೆ ಬೆಳಗ್ಗೆ ನಿರ್ಮಲವಾಗಿದ್ದ ಆಕಾಶ ಮಧ್ಯಾಹ್ನ ಕಳೆಯುವುದರೊಳಗೆ ಗುಡುಗುತ್ತದೆ. ಬೋಳು ಗುಡ್ಡದ ಮೇಲೆ ಕಡ್ಡಿ ಹಿಡಿದು ನಿಲ್ಲುವ ಹೊತ್ತು ಅದಲ್ಲ. ಆದ್ದರಿಂದ ಆ ದಿನಗಳಲ್ಲಿ ನಾನು ಹನ್ನೆರಡರ ಒಳಗೆ ಕೊನೆಯ ಕರೆ ಮುಗಿಸಿ, ಆಂಟೆನಾ ಕಳಚಿ ಚೀಲಕ್ಕೆ ಹಾಕಿ, ಗುಡ್ಡ ಇಳಿಯುತ್ತೇನೆ.