ತಟಸ್ಥ ಸ್ವಭಾವದವರಿಗೆ ಚರ್ಚಾಸ್ಪರ್ಧೆ ಒಗ್ಗೀತೇ?

ಕೇಳುಗರಿಗೆ ನಮಸ್ಕಾರ.

ಚರ್ಚಾಸ್ಪರ್ಧೆಗೆ ಹೆಸರು ಕೊಡಿ ಎಂದಾಗ ಕಾಲೇಜುಗಳಲ್ಲಿ ಮುಂದೆ ಬರುವವರು ಮಾತಿಗೆ ಮಾತು ಕೊಡುವ ಮಕ್ಕಳು. ಹಿಂದಿನ ಬೆಂಚಿನಲ್ಲಿ ಕೂತು ಇಬ್ಬರ ಮಾತನ್ನೂ ಕೇಳಿ, 'ಅವನು ಹೇಳೋದ್ರಲ್ಲೂ ಅರ್ಥ ಇದೆ, ಇವಳು ಹೇಳೋದೂ ಸರೀನೇ' ಎನ್ನುವವರನ್ನು ಯಾರೂ ಕರೆಯುವುದಿಲ್ಲ. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ತಂಡ ಕಟ್ಟುವ ಅಧ್ಯಾಪಕರಿಗೂ ಆ ಹಿಂದಿನ ಬೆಂಚಿನವರಿಗೂ ಇವತ್ತಿನ ಮಾತು. ಅವರನ್ನು ಕರೆಯಬೇಕು. ಕರೆದ ಮೇಲೆ, ತೀರ್ಮಾನ ಹೇಳುವುದನ್ನು ಅವರಿಗೆ ಕಲಿಸಲೇಬೇಕು.

ತರ್ಕದ ಹಳೆಯ ಸಂಸ್ಕೃತ ಗ್ರಂಥವಾದ ನ್ಯಾಯಸೂತ್ರದಲ್ಲಿ ವಾದಿ ಸೋಲುವ ಸಂದರ್ಭಗಳನ್ನು ಎಣಿಸಿಟ್ಟಿದ್ದಾರೆ. ನಿಗ್ರಹಸ್ಥಾನ ಎಂದು ಅವಕ್ಕೆ ಹೆಸರು, ಒಟ್ಟು 22. ಅವುಗಳಲ್ಲಿ ಒಂದು ಅನನುಭಾಷಣ. ಎದುರಾಳಿಯ ಮಾತು ಸಭೆಗೆ ಅರ್ಥವಾಗಿದೆ, ಮೂರು ಸಲ ಹೇಳಿಯೂ ಆಗಿದೆ, ಆದರೂ ಅದನ್ನು ತಿರುಗಿ ಹೇಳಲಾಗದೆ ನಿಲ್ಲುವುದು. ಇನ್ನೊಂದು ಮತಾನುಜ್ಞೆ. ತನ್ನ ಮೇಲೆ ಹೊರಿಸಿದ ದೋಷವನ್ನು ನಿವಾರಿಸದೆ, 'ನಿಮ್ಮಲ್ಲೂ ಅದೇ ಇದೆಯಲ್ಲ' ಎನ್ನುವುದು. ಬಿಸಿರಕ್ತದ ಮಾತುಗಾರರು ಬೀಳುವುದು ಹೆಚ್ಚಾಗಿ ಈ ಎರಡು ಕಡೆ. ಅರ್ಧ ಕೇಳುವಷ್ಟರಲ್ಲೇ ಉತ್ತರ ಕಟ್ಟಲು ಹೊರಡುತ್ತಾರೆ. ತಟಸ್ಥರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅವರು ಬೀಳುವುದು ಪಟ್ಟಿಯ ಮೊದಲನೆಯದರಲ್ಲೇ, ಪ್ರತಿಜ್ಞಾಹಾನಿಯಲ್ಲಿ. ಎದುರಾಳಿಯ ದೃಷ್ಟಾಂತವನ್ನು ಒಪ್ಪಿಕೊಳ್ಳುತ್ತಾ ಹೋಗಿ ತಾವು ಹಿಡಿದ ಪಕ್ಷವನ್ನು ತಾವೇ ಕೈಬಿಡುತ್ತಾರೆ.

ಒಂದು ವಿಷಯ ತೆಗೆದುಕೊಳ್ಳೋಣ: 'ನಾಲಾ ಬಯಲಿನಲ್ಲಿ ಕಬ್ಬಿನ ಬದಲು ಕಡಿಮೆ ನೀರಿನ ಬೆಳೆ ಬೆಳೆಯಬೇಕು.' ಮಂಡ್ಯದಲ್ಲಿ ಈ ವಿಷಯ ಕೊಟ್ಟರೆ ಕೇಳುತ್ತ ಕೂತ ಅನೇಕರ ಮನೆಯ ಸಂಸಾರ ನಡೆಯುವುದೇ ಕಬ್ಬಿನಿಂದ. ಪರ ಮಾತಾಡುವವರು ಹೇಳುತ್ತಾರೆ: ಕಬ್ಬು ಸುಮಾರು ಒಂದು ವರ್ಷ ಹೊಲದಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲೂ ನೀರು ಕೇಳುತ್ತದೆ, ರಾಗಿ ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ, ಕನ್ನಂಬಾಡಿ ಕಟ್ಟೆಯಲ್ಲಿ (ಕೆಆರ್‌ಎಸ್) ನೀರು ಪ್ರತಿ ವರ್ಷವೂ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟುವುದಿಲ್ಲ. ಎಲ್ಲವೂ ನಿಜವೇ. ವಿರೋಧಕ್ಕೆ ನಿಂತ ತಟಸ್ಥ ಸ್ವಭಾವದ ಹುಡುಗಿ ಇಲ್ಲೇ ಜಾರುತ್ತಾಳೆ. 'ನೀರೂ ಉಳಿಯಬೇಕು, ಕಬ್ಬೂ ಇರಬೇಕು' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೆಳಗಿಳಿಯುತ್ತಾಳೆ. ತೀರ್ಪುಗಾರರ ಹಾಳೆಯಲ್ಲಿ ಅಂಕ ಹೋಗುವುದು ಆ ಒಂದು ವಾಕ್ಯಕ್ಕೆ.

ಅವಳು ಹೇಳಬೇಕಾಗಿದ್ದು ಹೀಗೆ: 'ಕಬ್ಬಿಗೆ ನೀರು ಹೆಚ್ಚು ಬೇಕು, ಒಪ್ಪುತ್ತೇನೆ. ಅದಕ್ಕೆ ಬೆಳೆಯನ್ನೇ ಬಿಡಬೇಕಾಗಿಲ್ಲ, ನೀರು ಹಾಯಿಸುವ ಕ್ರಮ ಬದಲಾಗಬೇಕು. ಕಬ್ಬಿಗೂ ಹನಿ ನೀರಾವರಿ ನಡೆಯುತ್ತದೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಯಿತು. ಅಲ್ಲಿಂದೀಚೆಗೆ ಕಟಾವಿನವರು, ಗಾಡಿಯವರು, ಆಲೆಮನೆಯವರು ಈ ಬೆಳೆಯನ್ನೇ ನೆಚ್ಚಿದ್ದಾರೆ. ಅವರಿಗೆ ದಾರಿ ತೋರಿಸದೆ ಕಬ್ಬು ಬಿಡಿ ಎನ್ನಕೂಡದು.' ಎದುರಾಳಿಯ ಸಂಗತಿಯನ್ನು ಒಪ್ಪಿದಳು, ಅದರಿಂದ ಅವರು ಎಳೆದ ತೀರ್ಮಾನವನ್ನು ಒಪ್ಪಲಿಲ್ಲ. ಇದು ಅವಳಿಗೆ ಕೂಗಾಡುವವರಿಗಿಂತ ಚೆನ್ನಾಗಿ ಒಲಿಯುತ್ತದೆ. ಇಬ್ಬರ ಮಾತಿನಲ್ಲೂ ನಿಜ ಎಲ್ಲಿದೆ ಎಂದು ಹುಡುಕುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇದೆ.

ತಯಾರಿಗೆ ಒಂದು ಹಾಳೆ ಸಾಕು. ಉದ್ದಕ್ಕೆ ಮೂರು ಭಾಗವಾಗಿ ಮಡಚಿ. ಎಡಗಡೆ ಎದುರಾಳಿಯ ಮಾತು, ನಾಲ್ಕೈದು ಪದದಲ್ಲಿ. ನಡುವೆ ಅದಕ್ಕೆ ಉತ್ತರ. ಬಲಗಡೆ ತೂಕ: ಇದು ಎಷ್ಟು ಜನಕ್ಕೆ ತಟ್ಟುತ್ತದೆ, ಎಷ್ಟು ಬೇಗ ತಟ್ಟುತ್ತದೆ, ಆದ ನಷ್ಟ ತುಂಬಿಕೊಳ್ಳಬಹುದೇ. ತಟಸ್ಥರ ಹಾಳೆಯಲ್ಲಿ ಎಡಭಾಗ ತುಂಬಿ ತುಳುಕುತ್ತದೆ, ಬಲಭಾಗ ಖಾಲಿ ಉಳಿಯುತ್ತದೆ. ಹಾಗಾಗಿ ಎಡಗಡೆ ಮೂರು ಅಂಶಕ್ಕೆ ನಿಲ್ಲಿಸಿ, ಬಲಗಡೆ ತುಂಬುವವರೆಗೂ ಎದ್ದು ನಿಲ್ಲಬೇಡಿ.

ನಾಲ್ಕು ನಿಮಿಷದ ಸ್ಪರ್ಧೆ, ಮೂರನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಎಂದಿಟ್ಟುಕೊಳ್ಳಿ. ಮೊದಲ 20 ಸೆಕೆಂಡಿನೊಳಗೆ ನಿಮ್ಮ ನಿಲುವು ಒಂದೇ ವಾಕ್ಯದಲ್ಲಿ ಬರಬೇಕು. 'ಯಾವುದೇ ವಿಷಯಕ್ಕೂ ಎರಡು ಮುಖಗಳಿರುತ್ತವೆ' ಎಂದು ಶುರುಮಾಡಿದರೆ ಆ 20 ಸೆಕೆಂಡು ಅಲ್ಲಿಗೆ ಹೋಯಿತು. ಮುಂದಿನ 70 ಸೆಕೆಂಡು ಖಂಡನೆಗೆ, 90 ಸೆಕೆಂಡು ನಿಮ್ಮ ಎರಡು ವಾದಗಳಿಗೆ. ಗಂಟೆಯ ನಂತರದ ನಿಮಿಷದಲ್ಲಿ ಬಲಭಾಗವನ್ನಷ್ಟೇ ಹೇಳಿ, ಹೊಸ ವಾದ ತೆಗೆಯಬೇಡಿ.

ಪರ್ಯಾಯ ಪಾರಿತೋಷಕದ ಸ್ಪರ್ಧೆಗಳಲ್ಲಿ ತಂಡಕ್ಕೆ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ಆಯ್ಕೆ ತಂಡದ ಕೈಯಲ್ಲಿದ್ದರೆ ತಟಸ್ಥರಿಗೆ ವಿರೋಧ ಕೊಡಿ. ಕೇಳಿ ಉತ್ತರಿಸುವ ಕೆಲಸ ಅಲ್ಲಿ ಹೆಚ್ಚು.

ಒಂದು ಪಕ್ಷ ಹಿಡಿದರೆ ಸುಳ್ಳು ಹೇಳಿದಂತಾಗುತ್ತದಲ್ಲ ಎಂಬ ಅಳುಕು ಇಂಥ ಮಕ್ಕಳಿಗೆ ಇರುತ್ತದೆ. ಅದು ಒಳ್ಳೆಯ ಅಳುಕು, ಅದನ್ನು ಹೀಯಾಳಿಸಬೇಡಿ. ಎರಡೂ ಕಡೆ ತೂಗಿ ನೋಡುವ ಕೆಲಸ ತೀರ್ಪುಗಾರರದು, ಸಭೆಯದು. ತೂಗಲು ಅವರಿಗೆ ತಕ್ಕಡಿಯ ಎರಡು ತಟ್ಟೆಯಲ್ಲೂ ಪೂರ್ತಿ ತೂಕ ಬೇಕು. ಸುಳ್ಳು ಅಂಕಿ ಹೇಳದಿದ್ದರೆ, ಎದುರಾಳಿಯ ಮಾತು ತಿರುಚದಿದ್ದರೆ, ಚೀಟಿಯಲ್ಲಿ ಬಂದ ಪಕ್ಷವನ್ನು ಬಲವಾಗಿ ಹೇಳುವುದರಲ್ಲಿ ಅಪ್ರಾಮಾಣಿಕತೆ ಇಲ್ಲ.

ಕೊನೆಯದಾಗಿ, ಹೆಚ್ಚಿನವರು ಗಮನಿಸದ ಒಂದು ಅಂಶ. ಕನ್ನಡದಲ್ಲಿ ತೀರ್ಮಾನ ಕೂರುವುದು ಕ್ರಿಯಾಪದದ ಬಾಲದಲ್ಲಿ. 'ಬೆಳೆಯಬೇಕು', 'ಬೆಳೆಯಬಹುದು', 'ಬೆಳೆಯಬಹುದೇನೋ', 'ಬೆಳೆಯಬಹುದೇನೋ ಅನ್ಸುತ್ತೆ': ವಾಕ್ಯದ ಮೈಯೆಲ್ಲ ಅದೇ, ಬಾಲ ಬದಲಾಗುತ್ತಿದ್ದಂತೆ ನಿಲುವು ಕರಗುತ್ತಾ ಹೋಗುತ್ತದೆ. ತಟಸ್ಥರು ಈ ಬಾಲವನ್ನು ಮೆತ್ತಗೆ ಮಾಡುತ್ತಾರೆ, ಸಾಲದ್ದಕ್ಕೆ ದನಿಯನ್ನೂ ಅಲ್ಲೇ ಇಳಿಸುತ್ತಾರೆ. ಭಾಷಣವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, 'ಬಹುದು', 'ಏನೋ', 'ಅನ್ಸುತ್ತೆ', 'ಒಂದು ರೀತಿಯಲ್ಲಿ' ಎಷ್ಟು ಸಲ ಬಂತು ಎಂದು ಗೀಟು ಹಾಕುತ್ತಾ ಕೇಳಿ. ನಿಜಕ್ಕೂ ಸಂದೇಹವಿರುವ ಕಡೆ ಅದನ್ನು ಹಾಗೇ ಬಿಡಿ. ಆಧಾರವಿರುವ ಕಡೆಯೆಲ್ಲ 'ಬೇಕು', 'ಕೂಡದು', 'ಆಗಿದೆ' ಹಾಕಿ, ಕೊನೆಯ ಅಕ್ಷರದವರೆಗೂ ದನಿ ಬಿಡದೆ ಇನ್ನೊಮ್ಮೆ ಓದಿ.

ನಮಸ್ಕಾರ.