ಗ್ಲೌಸ್ ಕೈಗೆ ಒಂದು ವಿಳಾಸ ಕೊಡಿ
(ಕಿರಿಯರ ಸಾಫ್ಟ್‌ಬಾಲ್ ತರಬೇತುದಾರರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಪಿಚರ್‌ನ, ಅಂದರೆ ಬ್ಯಾಟರ್‌ಗೆ ಬಾಲ್ ಎಸೆಯುವವರ, ಎಡಗೈ, ಗ್ಲೌಸ್ ಹಾಕಿದ ಕೈ. ಬಲಗೈಯಲ್ಲಿ ಎಸೆಯುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡ್ತೀನಿ. ನಿಮ್ಮ ಹತ್ತಿರ ಎಡಚರಿದ್ದರೆ ದಯವಿಟ್ಟು ಎಲ್ಲವನ್ನೂ ತಿರುಗಿಸಿಕೊಳ್ಳಿ. ಎಡಚ ಮಕ್ಕಳಿಗೆ ಅದು ಹುಟ್ಟಿನಿಂದಲೇ ಅಭ್ಯಾಸ, ಕಷ್ಟ ಆಗೋದು ನಮಗೇ.

ವಿಂಡ್‌ಮಿಲ್, ಅಂದರೆ ತೋಳನ್ನು ಪೂರ್ತಿ ಸುತ್ತಿಸಿ ಕೆಳಗಿನಿಂದ ಎಸೆಯೋದು, ಅಂದ ಕೂಡಲೇ ಎಲ್ಲರ ಕಣ್ಣೂ ಬಾಲ್ ಇರುವ ಕೈಗೆ ಹೋಗುತ್ತೆ. ಸುತ್ತು ಸರಿಯಿದೆಯಾ, ಮಣಿಕಟ್ಟು ಸಡಿಲ ಇದೆಯಾ, ಬೆರಳು ಹೊಲಿಗೆಯ ಮೇಲಿದೆಯಾ. 2004ರಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್, ಬೇಸ್‌ಬಾಲ್‌ನ ಹೆಸರಾಂತ ಬ್ಯಾಟರ್ ಆಲ್ಬರ್ಟ್ ಪೂಹೋಲ್ಸ್‌ಗೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ್ದನ್ನು ಇಲ್ಲಿ ನೋಡದವರು ಯಾರೂ ಇರಲಾರರು. ನೋಡಿದ್ದೇನು? ಪೂಹೋಲ್ಸ್ ಬ್ಯಾಟ್ ಗಾಳಿ ಸೀಳಿದ್ದು. ಇವತ್ತು ಮನೆಗೆ ಹೋಗಿ ಇನ್ನೊಂದು ಸಲ ನೋಡಿ, ಈ ಸಲ ಫಿಂಚ್ ಅವರ ಎಡಗೈಯನ್ನು ಮಾತ್ರ.

ಒಂದು ಲೆಕ್ಕ ಹೇಳ್ತೀನಿ. 12 ಇಂಚು ಸುತ್ತಳತೆಯ ಸಾಫ್ಟ್‌ಬಾಲ್ ತೂಕ 178ರಿಂದ 198 ಗ್ರಾಂ. ಅದೇ ಹುಡುಗಿಯ ಇನ್ನೊಂದು ಕೈಯಲ್ಲಿರುವ ಚರ್ಮದ ಗ್ಲೌಸ್ ಅರ್ಧ ಕಿಲೋ ದಾಟಿರುತ್ತೆ. ಅಂದರೆ ಭಾರವಾದ ವಸ್ತು ಇರೋದು ನಾವು ನೋಡದ ಕೈಯಲ್ಲಿ. ಹತ್ತು ವರ್ಷದ ಮಗುವಿನ ತೋಳಿನ ತುದಿಗೆ ಅಷ್ಟು ಭಾರ ಕಟ್ಟಿ, ಅದು ಎಲ್ಲಿಗೆ ಹೋಗಬೇಕು ಅಂತ ಹೇಳದೆ ಬಿಟ್ಟರೆ ಎಲ್ಲಿಗಾದರೂ ಹೋಗುತ್ತೆ. ವಿಳಾಸ ಬರೆಯದ ಲಕೋಟೆಯ ಕಥೆ. ಹಾಗಾಗಿ ಇವತ್ತಿಡೀ ನಾನು ಹೇಳೋದು ಒಂದೇ: ಗ್ಲೌಸ್‌ಗೆ ವಿಳಾಸ ಕೊಡಿ.

ಸರಿಯಾದ ದಾರಿ ನಿಮಗೆಲ್ಲ ಗೊತ್ತೇ ಇದೆ, ಬೇಗ ಹೇಳಿ ಮುಗಿಸ್ತೀನಿ. ಎರಡೂ ಕೈ ಒಟ್ಟಿಗೆ ಮುಂದಕ್ಕೆ ಹೊರಡಬೇಕು. ಬಾಲ್ ಮೇಲೇರುವಾಗ ಗ್ಲೌಸ್, ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವ ಕ್ಯಾಚರ್ ಕಡೆಗೆ ಚಾಚಿರಬೇಕು, ಭುಜದ ಎತ್ತರಕ್ಕೆ ಅಥವಾ ಒಂದು ಗೇಣು ಕೆಳಗೆ. ಮೂರನೇ ಬೇಸ್ ಬದಿಯಿಂದ ನೋಡಿದರೆ, ಬಾಲ್ ಗಡಿಯಾರದ ಹನ್ನೆರಡು ದಾಟಿ ಒಂಬತ್ತಕ್ಕೆ ಬರುವ ಹೊತ್ತಿಗೆ ಮುಂದಿನ ಪಾದ ಊರಿರುತ್ತೆ. ಅಲ್ಲಿಂದ ಮೊಣಕೈ ಮಡಚಿ, ಗ್ಲೌಸ್ ಎದೆಯ ಮುಂದಿನಿಂದಲೇ ಇಳಿದು, ಎಡ ಪಕ್ಕೆಲುಬಿನ ಹತ್ತಿರ ನಿಲ್ಲಬೇಕು. ಬಾಲ್ ಬಿಡುವಾಗ ಗ್ಲೌಸ್ ಅಲ್ಲೇ. ಬಿಟ್ಟ ಮೇಲೂ ಅಲ್ಲೇ, ಬಾಯಿ ತೆರೆದುಕೊಂಡು, ಬ್ಯಾಟರ್ ವಾಪಸ್ ಹೊಡೆದರೆ ಹಿಡಿಯೋಕೆ ತಯಾರಾಗಿ. ಚಾಚೋದು ಒಂದು ವಿಳಾಸ, ಪಕ್ಕೆಲುಬು ಇನ್ನೊಂದು.

ಇನ್ನು ತಪ್ಪುಗಳು. ಮೊದಲನೆಯದು, ತೊಡೆಗೆ ಬಡಿಯೋದು. ಇದಕ್ಕೆ ಸ್ವಲ್ಪ ಹೊತ್ತು ಕೊಡ್ತೀನಿ.

ಪ್ರತಿ ಶಿಬಿರದಲ್ಲೂ ಇಂಥ ಒಬ್ಬಳು ಹುಡುಗಿ ಇರ್ತಾಳೆ. ವಯಸ್ಸು ಹನ್ನೊಂದೋ ಹನ್ನೆರಡೋ. ಬಾಲ್ ಬಿಡುವಾಗ ಗ್ಲೌಸ್ ತೊಡೆಗೆ 'ಛಟ್' ಅಂತ ಬೀಳುತ್ತೆ. ಸದ್ದು ಕೇಳಿ ಅಕ್ಕಪಕ್ಕದವರು 'ಎಷ್ಟು ಜೋರು!' ಅಂತಾರೆ, ಅವಳಿಗೂ ಆ ಸದ್ದೇ ವೇಗ ಅನ್ನಿಸುತ್ತೆ. ಒಂದು ವಾರದಲ್ಲಿ ತೊಡೆ ನೀಲಿಗಟ್ಟುತ್ತೆ. ಅಮ್ಮ ಗಾಬರಿಯಾಗಿ ತರಬೇತುದಾರರ ಹತ್ತಿರ ಬರ್ತಾರೆ. ಅವರು 'ಹೊಡ್ಕೋಬೇಡಮ್ಮ' ಅಂತಾರೆ. ಹುಡುಗಿ ಪಾಪ, ಮಾತು ಕೇಳುವವಳು, ಗ್ಲೌಸನ್ನು ತೊಡೆಯಿಂದ ದೂರ ಮರದ ಕೊಂಬೆಯ ಹಾಗೆ ಚಾಚಿ ಹಿಡಿದುಕೊಳ್ತಾಳೆ. ವೇಗ ಬಿದ್ದುಹೋಗುತ್ತೆ, ಬಾಲ್ ಬ್ಯಾಟರ್ ತಲೆಯ ಮೇಲೆ ಹೋಗುತ್ತೆ. ಎರಡನೇ ವಾರ ಪಂದ್ಯ. ಪಂದ್ಯದಲ್ಲಿ ಮತ್ತೆ ಛಟ್. ಈಗ ಅಪ್ಪನ ಸರದಿ, ಅವರು ಪ್ಯಾಂಟ್ ಒಳಗೆ ಇಟ್ಟುಕೊಳ್ಳೋಕೆ ಸ್ಪಾಂಜ್ ಕತ್ತರಿಸಿ ತರ್ತಾರೆ. (ನಗು) ನಗಬೇಡಿ, ಅಪ್ಪನದು ಪ್ರೀತಿ. ಆದರೆ ಸ್ಪಾಂಜ್ ಬಂದ ಮೇಲೆ ನೋವೂ ಇಲ್ಲ, ಅಲ್ಲಿಗೆ ಇದ್ದ ಒಂದು ಎಚ್ಚರಿಕೆಯ ಗಂಟೆಯೂ ನಿಂತಿತು.

ಈಗ ಅವಳನ್ನು ಗ್ಲೌಸ್ ಕಡೆಯಿಂದ, ಅಂದರೆ ಮೊದಲನೇ ಬೇಸ್ ಬದಿಯಿಂದ ವಿಡಿಯೊ ಮಾಡಿ. ಫೋನನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಡಿ. ಬಾಲ್ ಮೇಲಿನಿಂದ ಸೊಂಟಕ್ಕೆ ಬರೋದು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಮಾಮೂಲಿ 30 ಫ್ರೇಮ್‌ನಲ್ಲಿ ನಿಮಗೆ ಮೂರೋ ನಾಲ್ಕೋ ಮಸುಕು ಚಿತ್ರ ಸಿಗುತ್ತೆ, ಅಷ್ಟೇ. ಮುಂದಿನ ಪಾದ ಊರಿದ ಫ್ರೇಮ್‌ನಲ್ಲಿ ನಿಲ್ಲಿಸಿ ಮಂಡಿ ನೋಡಿ. ಬಹಳ ಸಲ ಅದು ಕುಸಿದಿರುತ್ತೆ, ಎದೆ ಅದರ ಮೇಲೆ ಬಾಗಿರುತ್ತೆ. ಹಾಗಾದಾಗ ಗ್ಲೌಸ್ ಬೀಳುವ ಜಾಗದಲ್ಲೇ ತೊಡೆ ಬಂದು ಕಾಯ್ತಾ ಇರುತ್ತೆ! ಇಲ್ಲಿ ಕೈಯನ್ನು ಬೈದು ಏನು ಪ್ರಯೋಜನ? ಮುಂದಿನ ಕಾಲು ಗಟ್ಟಿಯಾಗಿ ತಡೆದು, ಬೆನ್ನು ನೆಟ್ಟಗೆ ನಿಂತರೆ ಅರ್ಧ ಕೆಲಸ ಆಯಿತು. ಉಳಿದರ್ಧ ವಿಳಾಸ. 'ಹೊಡೀಬೇಡ' ಅನ್ನೋದು ವಿಳಾಸ ಅಲ್ಲ. 'ಪಕ್ಕೆಲುಬಿಗೆ ತಾ' ಅನ್ನೋದು ವಿಳಾಸ.

ಬಡಿದರೆ ಏನು ನಷ್ಟ ಅಂತ ಕೇಳ್ತಾರೆ. ಬಡಿಯುವ ಪಿಚರ್‌ಗಳೂ ಗೆದ್ದಿದ್ದಾರಲ್ಲ? ಗೆದ್ದಿದ್ದಾರೆ, ಸುಳ್ಳಲ್ಲ. ಆದರೆ ಬಡಿಯುವಾಗ ಎಡ ಭುಜ ಕೆಳಗಿಳಿಯುತ್ತೆ, ಸೊಂಟ ಬಾಗುತ್ತೆ, ಬಾಲ್ ಕೈಗೆ ಸೊಂಟ ಅಡ್ಡ ಬರುತ್ತೆ. ಆಗ ಮೊಣಕೈ ಸೊಂಟವನ್ನು ಸುತ್ತಿಕೊಂಡು ಹೊರಗಿನಿಂದ ಬರಬೇಕು. ಚೇಂಜ್‌ಅಪ್, ಅಂದರೆ ಬ್ಯಾಟರ್‌ನ ಏಮಾರಿಸುವ ನಿಧಾನ ಎಸೆತ, ಹಾಕುವಾಗ ಬಡಿತದ ಸದ್ದು ಸ್ವಲ್ಪ ಮೆತ್ತಗಾದರೂ ಸಾಕು, ಕಿವಿ ಇರುವ ಬ್ಯಾಟರ್‌ಗೆ ನೀವೇ ಸುಳಿವು ಕೊಟ್ಟ ಹಾಗೆ.

ಇನ್ನೊಂದು ಮಾತು. ಕೆಳಗಿನಿಂದ ಎಸೆಯೋದಲ್ವಾ, ಭುಜಕ್ಕೆ ಏನೂ ಆಗಲ್ಲ ಅನ್ನುವ ನಂಬಿಕೆ ಇನ್ನೂ ಸತ್ತಿಲ್ಲ. 1998ರಲ್ಲೇ ಸಂಶೋಧಕ ಬ್ಯಾರೆಂಟೈನ್ ಮತ್ತು ಸಂಗಡಿಗರು ವಿಂಡ್‌ಮಿಲ್ ಪಿಚರ್‌ಗಳನ್ನು ಅಳೆದು, ಭುಜ ಮತ್ತು ಮೊಣಕೈಯ ಕೀಲುಗಳಲ್ಲಿ ದೇಹದ ತೂಕದ ಶೇ. 70ರಿಂದ 98ರಷ್ಟು ಬಲ ಹುಟ್ಟುತ್ತೆ ಅಂತ ತೋರಿಸಿದರು. ದೇಹದ ಮುಂಭಾಗ ಗಟ್ಟಿ ನಿಲ್ಲದೆ ಬಲ ಸೋರಿಹೋದರೆ ಆ ಕೊರತೆ ತುಂಬಿಸೋಕೆ ಮಗು ಇನ್ನೂ ಜೋರಾಗಿ ತೋಳನ್ನೇ ಎಳೆಯುತ್ತೆ. ಗ್ಲೌಸ್ ಕೈ ತಿದ್ದೋದರಲ್ಲಿ ಬಾಲ್ ಕೈಯ ರಕ್ಷಣೆಯೂ ಇದೆ.

ಎರಡನೇ ತಪ್ಪು, ಹೊರಗೆ ಹಾರೋದು. ಗ್ಲೌಸ್ ಮೊದಲನೇ ಬೇಸ್ ಕಡೆಗೆ ಬೀಸಿ, ಕೆಲವರಲ್ಲಿ ಬೆನ್ನ ಹಿಂದಕ್ಕೂ ಹೋಗುತ್ತೆ. ತೋಳು ಉದ್ದಕ್ಕೆ ಚಾಚಿದ್ದು, ತುದಿಯಲ್ಲಿ ಭಾರ, ಅದು ಎಡಕ್ಕೆ ಬೀಸಿದರೆ ಎದೆಯನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತೆ. ಬಾಲ್ ಬಿಡುವ ಹೊತ್ತಿಗೆ ಸೊಂಟ ಸುಮಾರು 45 ಡಿಗ್ರಿಯಲ್ಲಿ ಇರಬೇಕಾದದ್ದು, ಪೂರ್ತಿ ಕ್ಯಾಚರ್ ಕಡೆಗೆ ತಿರುಗಿಬಿಟ್ಟಿರುತ್ತೆ. ಬಾಲ್ ಎಡಕ್ಕೆ ಸರಿಯುತ್ತೆ. ಮಗು ಅದನ್ನು ತಡೆಯೋಕೆ ಬೆರಳಲ್ಲಿ ಬಿಗಿ ಹಿಡಿದರೆ ಮುಂದಿನದು ಬಲಕ್ಕೆ. ಎತ್ತರ ಸರಿಯಿದ್ದು ಎಡಬಲ ಮಾತ್ರ ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ಗ್ಲೌಸನ್ನೇ ಅನುಮಾನಿಸಿ.

ಇದಕ್ಕೆ ನನಗೆ ಇಷ್ಟವಾದ ಔಷಧಿ ಗೋಡೆ. ಎಡಬದಿಗೆ ಗೋಡೆ ಅಥವಾ ಬಲೆಯ ಬೇಲಿ ಇರುವ ಹಾಗೆ ನಿಲ್ಲಿಸಿ. ಭುಜಕ್ಕೂ ಗೋಡೆಗೂ ನಡುವೆ ಆ ಮಗುವಿನದೇ ಒಂದು ಮುಂಗೈ ಉದ್ದದ ಜಾಗ ಇರಲಿ. ಮೊದಲು ಬಾಲ್ ಇಲ್ಲದೆ, ನಿಧಾನವಾಗಿ, ಹತ್ತು ಸಲ. ಗ್ಲೌಸ್ ಗೋಡೆಗೆ ತಾಗಿದರೆ ಮಗುವಿಗೇ ಗೊತ್ತಾಗುತ್ತೆ, ನೀವು ಬಾಯಿ ಬಿಡಬೇಕಾಗಿಲ್ಲ. ಆಮೇಲೆ 15 ಅಡಿ ದೂರದಲ್ಲಿ ಬಲೆ ಕಟ್ಟಿ, ಅರ್ಧ ವೇಗದಲ್ಲಿ ಬಾಲ್. ಒರಟು ಸಿಮೆಂಟ್ ಗೋಡೆ ಬೇಡ, ಬೆರಳು ಗ್ಲೌಸ್ ಒಳಗಿದ್ದರೂ ಮೊಣಕೈ ಹೊರಗಿರುತ್ತೆ.

ಬಡಿಯುವವರಿಗೆ ಗೋಡೆಗಿಂತ ಮಂಡಿಯೂರಿದ ಅಭ್ಯಾಸ ವಾಸಿ. ಬಲ ಮಂಡಿ ನೆಲಕ್ಕೆ, ಎಡ ಪಾದ ಮುಂದೆ. ಎಡ ತೊಡೆ ಎತ್ತರದಲ್ಲಿ ಎದುರಿಗೇ ಇರೋದರಿಂದ ಗ್ಲೌಸ್ ಕೆಳಗೆ ಬಿದ್ದರೆ ತಕ್ಷಣ ತಗಲುತ್ತೆ. ಗ್ಲೌಸ್ ತೆಗೆದಿಟ್ಟು ಆ ಕೈಗೆ ಇನ್ನೊಂದು ಬಾಲ್ ಕೊಡಿ. ಬಲಗೈ ಬಾಲ್ ಬಿಡುವಾಗ ಎಡಗೈ ಬಾಲ್ ಪಕ್ಕೆಲುಬಿಗೆ ಒತ್ತಿ ನಿಲ್ಲಬೇಕು. 15 ಎಸೆತ, ವಿಶ್ರಾಂತಿ, ಇನ್ನೊಂದು 15. ಪ್ರತಿ ಎಸೆತದ ಕೊನೆಗೆ ಅಲುಗದೆ ಮೂರು ಎಣಿಸಲಿ. ಆ ಮೂರು ಎಣಿಕೆಯಲ್ಲಿ ನೀವು ನೋಡಬೇಕಾದ್ದು ಎಡಗೈ ಎಲ್ಲಿದೆ, ಭುಜಗಳು ಸಮ ಇವೆಯಾ, ಮೂಗು ಹೊಕ್ಕುಳಿನ ನೇರಕ್ಕಿದೆಯಾ. ಸರಿಬಂದ ಮೇಲೆ ನಿಂತು 20 ಅಡಿ, ಆಮೇಲೆ 30, ಆಮೇಲೆ ಪೂರ್ತಿ ದೂರ. ಯಾವ ದೂರದಲ್ಲಿ ಹಳೇ ಚಟ ತಲೆಯೆತ್ತುತ್ತೋ ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ನಾವು ತಪ್ಪೋದು ಇಲ್ಲೇ. ಹತ್ತಿರದಲ್ಲಿ ಹತ್ತು ಚೆನ್ನಾಗಿ ಬಂತು ಅಂತ ಸೀದಾ 40 ಅಡಿಗೆ ಓಡಿಸಿ, ರೇಡಾರ್ ಗನ್ ಹಿಡಿದು ನಿಲ್ತೀವಿ. ವೇಗ ತೋರಿಸು ಅಂದ ಕ್ಷಣ ದೇಹ ಹಳೇ ದಾರಿಗೇ ಹೋಗುತ್ತೆ. ತಿದ್ದುವ ಮೂರು ನಾಲ್ಕು ವಾರ ಆ ಗನ್ ಚೀಲದಲ್ಲೇ ಇರಲಿ. ಟೂರ್ನಿಯ ನಡುವೆ ಇದನ್ನು ಶುರು ಮಾಡಲೇಬೇಡಿ.

ಸಮಯ ನೋಡ್ಕೊಳ್ಳಿ ಅಂತ ಸನ್ನೆ ಬರ್ತಿದೆ. ಮೂರನೇದು ಮತ್ತು ನಾಲ್ಕನೇದನ್ನು ಓಡಿಸ್ತೀನಿ.

ಸತ್ತ ಕೈ: ಗ್ಲೌಸ್ ಮೇಲೇಳೋದೇ ಇಲ್ಲ, ಪಕ್ಕದಲ್ಲಿ ನೇತಾಡುತ್ತೆ. ಹೆಜ್ಜೆ ಗಿಡ್ಡ ಆಗುತ್ತೆ, ದೇಹ ಬಾಲ್ ಕೈ ಕಡೆಗೆ ವಾಲುತ್ತೆ. ಮೊದಲು ಗ್ಲೌಸ್ ಅಳತೆ ನೋಡಿ. ಅಕ್ಕನ 12 ಇಂಚಿನ ಗ್ಲೌಸ್ ತಂಗಿಗೆ ಬಂದಿರುತ್ತೆ. ಹಗುರವಾದ 11 ಇಂಚಿನದು ಕೊಟ್ಟ ದಿನವೇ ಕೆಲವರ ಕೈ ತಾನಾಗಿ ಏಳುತ್ತೆ. ಏಳದಿದ್ದರೆ, ಕ್ಯಾಚರ್‌ನ ಮುಖ ಗ್ಲೌಸಿನ ಹಿಂದೆ ಮರೆಯಾಗಬೇಕು ಅಂತ ಹೇಳಿ. ಇದೂ ವಿಳಾಸವೇ.

ಅಡ್ಡ ಹೋಗುವ ಕೈ: ಗ್ಲೌಸ್ ಮೂರನೇ ಬೇಸ್ ಕಡೆಗೆ, ಅಂದರೆ ಬಲಕ್ಕೆ, ದಾಟುತ್ತೆ, ಹೆಜ್ಜೆಯೂ ಅದರ ಹಿಂದೆಯೇ ಹೋಗುತ್ತೆ. ಪಿಚರ್ ಕಾಲಿಟ್ಟು ನಿಲ್ಲುವ ಪಿಚಿಂಗ್ ಪ್ಲೇಟಿನ ಮಧ್ಯದಿಂದ ಕ್ಯಾಚರ್‌ವರೆಗೆ ಸುಣ್ಣದ ಗೆರೆ ಎಳೆದು, ಕ್ಯಾಚರ್ ಹಿಂದಿನಿಂದ ವಿಡಿಯೊ ಮಾಡಿ. ಗ್ಲೌಸೂ ಪಾದವೂ ಗೆರೆಯ ಆಸುಪಾಸಿನಲ್ಲೇ ಇರಬೇಕು.

ಒಂದು ಸಲಕ್ಕೆ ಒಂದೇ ತಪ್ಪು. ಎರಡು ಕಂಡರೆ ಕಾಲಿಗೆ ಸಂಬಂಧಿಸಿದ್ದನ್ನು ಮೊದಲು ಹಿಡಿಯಿರಿ.

ರಕ್ಷಣೆಯ ವಿಷಯ ವಿಸ್ತಾರವಾಗಿ ಹೇಳಬೇಕು ಅಂತಿದ್ದೆ. ದೊಡ್ಡ ಹುಡುಗಿಯರಿಗೆ ಪಿಚಿಂಗ್ ದೂರ 43 ಅಡಿ ಅಂತ ನಿಯಮ ಇದ್ದರೂ, ಹೆಜ್ಜೆ ಹಾಕಿ ಮುಗಿಸಿದ ಹುಡುಗಿ ಬ್ಯಾಟರ್‌ನಿಂದ 37 ಅಡಿಯ ಆಸುಪಾಸಿನಲ್ಲಿ ನಿಂತಿರ್ತಾಳೆ. ಗ್ಲೌಸ್ ಬೆನ್ನ ಹಿಂದಿದ್ದರೆ ಅದು ವಾಪಸ್ ಮುಖದ ಮುಂದೆ ಬರೋಕೆ ಹೊತ್ತೇ ಇರಲ್ಲ. ಮುಖಕ್ಕೆ ಮಾಸ್ಕ್ ಹಾಕಿಸಿ, ಅದರ ಜೊತೆಗೆ ಗ್ಲೌಸನ್ನೂ ಮುಂದೆ ತನ್ನಿ.

ಚೇಂಜ್‌ಅಪ್, ಡ್ರಾಪ್‌ (ಕೊನೆಗೆ ಕೆಳಗಿಳಿಯುವ ಎಸೆತ)ಗಳಲ್ಲಿ ಗ್ಲೌಸ್ ದಾರಿ ಬದಲಾಗಬಾರದು ಅನ್ನೋದನ್ನು ಮೈದಾನದಲ್ಲೇ ತೋರಿಸ್ತೀನಿ. ಹತ್ತು ನಿಮಿಷ ಬಿಟ್ಟು ಬಲೆಯ ಬೇಲಿ ಹತ್ತಿರ ಸೇರೋಣ. ನಿಮ್ಮ ಗ್ಲೌಸ್ ತನ್ನಿ, ಫೋನ್ ತನ್ನಿ. ಬಾಲ್ ಸದ್ಯಕ್ಕೆ ಬೇಡ.