ಕಾಡಿನ ಜಾಡು, ಬಂಡೆಯ ಪಾಠ

ಕೇಳುಗರಿಗೆ ನಮಸ್ಕಾರ.

ಕಾಡಿನೊಳಗೆ ಹೊಕ್ಕುವ ಸೈಕಲ್ ಜಾಡಿನ ಬಾಯಲ್ಲಿ ಹಲವು ಕಡೆ ಒಂದು ಪುಟ್ಟ ಫಲಕ ನೆಟ್ಟಿರುತ್ತಾರೆ. ಜಾಡು ಎಷ್ಟು ಕಷ್ಟ ಅಂತ ಹೇಳುವ ಗುರುತು ಅದರಲ್ಲಿರುತ್ತದೆ: ಸುಲಭದ್ದಕ್ಕೆ ಹಸಿರು ವೃತ್ತ, ನಡುವಿನದಕ್ಕೆ ನೀಲಿ ಚೌಕ, ಕಷ್ಟದ್ದಕ್ಕೆ ಕಪ್ಪು ವಜ್ರ. ಅದನ್ನು ನೋಡದೆ ನುಗ್ಗಿಬಿಡುವವರನ್ನು ಕಂಡರೆ ಕೈಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ ನನಗೆ.

ಈ ಗುರುತುಗಳು ಸ್ಕೀ ಆಡುವ ಹಿಮದ ಇಳಿಜಾರುಗಳಿಂದ ಬಂದವು. ಅಂತಾರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘ ಅವನ್ನು ಸೈಕಲ್ ಜಾಡಿಗೆ ಹೊಂದಿಸಿತು. ಜಾಡಿನ ಅಗಲ, ನೆಲದ ಗಟ್ಟಿತನ, ಇಳಿಜಾರು ಎಷ್ಟು ಕಡಿದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಒಂದೇ: ಸುತ್ತಿಹೋಗಲು ಆಗದೆ ಹತ್ತಿಯೇ ದಾಟಬೇಕಾದ ಕಲ್ಲು ಎಷ್ಟು ಎತ್ತರ ಅನ್ನುವುದು. ಹಸಿರಿನಲ್ಲಿ ಹೆಚ್ಚೆಂದರೆ 2 ಇಂಚು, ನೀಲಿಯಲ್ಲಿ 8, ಕಪ್ಪಿನಲ್ಲಿ 15. ಜೋಡಿ ಕಪ್ಪು ವಜ್ರ ಕಂಡರೆ ಅದಕ್ಕೂ ಮೇಲೆ. ಬ್ರಿಟನ್ನಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಬೇರೆ ಇದೆ. ಹಾಗಾಗಿ ಒಂದು ಕಡೆ ನೀಲಿ ದಾಟಿದೆ ಅಂತ ಇನ್ನೊಂದು ಕಡೆ ಕಣ್ಣುಮುಚ್ಚಿ ಇಳಿಯಬಾರದು. ಮಳೆ ಬಿದ್ದ ಮರುದಿನವಂತೂ ಫಲಕದ ಬಣ್ಣ ಹಾಗೇ ಇರುತ್ತದೆ, ಬಂಡೆ ಹಾಗೇ ಇರುವುದಿಲ್ಲ.

ಇನ್ನು ಬಂಡೆಯ ಮೇಲೆ ಸೈಕಲ್ ಓಡಿಸುವ ವಿಚಾರ. ಸೀಟು ತಗ್ಗಿಸಿ, ಪೆಡಲ್ ಮೇಲೆ ಎದ್ದು ನಿಲ್ಲಿ. ಎರಡೂ ಪೆಡಲ್ ಸಮಕ್ಕಿರಲಿ. ಒಂದು ಕೆಳಗಿದ್ದರೆ ಅದೇ ಕಲ್ಲಿಗೆ ಬಡಿದು ಬೀಳಿಸುತ್ತದೆ. ಮೊಣಕೈ, ಮೊಣಕಾಲು ಸಡಿಲ ಬಿಡಿ. ಹೆದರಿಸುವ ಕಲ್ಲನ್ನೇ ದಿಟ್ಟಿಸಿದರೆ ಚಕ್ರ ನೇರ ಅದಕ್ಕೇ ಹೋಗುತ್ತದೆ. ಕಲ್ಲುಗಳು ಮುಗಿಯುವ ಜಾಗದ ಮೇಲೆ ಕಣ್ಣಿಡಿ. ಬ್ರೇಕ್ ಹಿಡಿಯುವುದೆಲ್ಲ ಕಲ್ಲಿಗೆ ಮುಂಚೆ ಮುಗಿಯಲಿ. ಅಂಚಿಗೆ ತಾಗುವ ಹೊತ್ತಿನಲ್ಲಿ ಮುಂದಿನ ಚಕ್ರ ಬಿಗಿಹಿಡಿದಿದ್ದರೆ ಸೈಕಲ್ ನಿಂತು ನೀವು ಮಾತ್ರ ಮುಂದೆ ಹೋಗುತ್ತೀರಿ. ತೀರಾ ನಿಧಾನವೂ ಅಪಾಯವೇ, ಚಕ್ರ ಎರಡು ಕಲ್ಲುಗಳ ಸಂದಿಗೆ ಇಳಿದು ಕೂತುಬಿಡುತ್ತದೆ. ಟೈರಿನ ಗಾಳಿ ಸ್ವಲ್ಪ ಕಡಿಮೆಯಿದ್ದರೆ ರಬ್ಬರ್ ಬಂಡೆಯನ್ನು ತಬ್ಬಿ ಹಿಡಿಯುತ್ತದೆ, ಅತಿಯಾಗಿ ಇಳಿಸಿದರೆ ರಿಮ್ ಕಲ್ಲಿಗೆ ಬಡಿದು ನಡುವೆ ಸಿಕ್ಕ ಟ್ಯೂಬ್ ತೂತಾಗುತ್ತದೆ. ಒದ್ದೆ ಬೇರನ್ನು ಮಾತ್ರ ಓರೆಯಾಗಿ ದಾಟಬೇಡಿ, ನೇರ ಅಡ್ಡಕ್ಕೆ ದಾಟಿ.

ಅನುಮಾನ ಬಂದ ಕಡೆ ನಾನು ಇಳಿದುಬಿಡುತ್ತೇನೆ. ಸೈಕಲ್ ಪಕ್ಕಕ್ಕಿಟ್ಟು, ನಡೆದು ಕೆಳಗಿಳಿದು, ಅಲ್ಲಿಂದ ತಿರುಗಿ ಮೇಲಕ್ಕೆ ನೋಡುತ್ತೇನೆ. ಮೇಲಿನಿಂದ ಗೋಡೆಯಂತೆ ಕಂಡದ್ದು ಕೆಳಗಿನಿಂದ ಮೂರು ಮೆಟ್ಟಿಲಾಗಿ ಕಾಣುವುದುಂಟು. ಹಾಗೆ ಕಾಣದಿದ್ದರೆ ಆ ದಿನ ತಳ್ಳಿಕೊಂಡೇ ಹೋಗುತ್ತೇನೆ, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ತಳ್ಳುವಾಗಲೂ ಜಾಡಿನ ಮಧ್ಯದಲ್ಲೇ ತಳ್ಳಿ. ಕಲ್ಲಿಗೆ ಹೆದರಿ ಒಬ್ಬೊಬ್ಬರೂ ಪಕ್ಕದ ಮಣ್ಣಿಗೆ ಚಕ್ರ ಇಳಿಸಿದರೆ ಅಲ್ಲೊಂದು ಹೊಸ ದಾರಿ ಸವೆಯುತ್ತದೆ, ಮಳೆನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ಮರದ ಬೇರು ಬಯಲಾಗುತ್ತದೆ. ಜಾಡು ಕಟ್ಟಿದವರು ನೀರು ಹರಿದುಹೋಗಲೆಂದು ಇಳಿಜಾರು ಅಳೆದು, ಕೆಸರಿರುವಲ್ಲಿ ಚಪ್ಪಟೆ ಕಲ್ಲು ಹಾಸಿರುತ್ತಾರೆ. ನಮಗೆ ಅಡ್ಡಿಯೆನಿಸಿದ ಎಷ್ಟೋ ಕಲ್ಲುಗಳನ್ನು ಅಲ್ಲಿ ಯಾರೋ ಹೊತ್ತು ತಂದು ಕೂರಿಸಿದ್ದಾರೆ.

ನಮಸ್ಕಾರ.